ವಿಂಡ್‌ಮಿಲ್ ಹುಡುಕಿಕೊಟ್ಟ ಹಳೇ ಹಾಳೆ

ಅಮೆರಿಕದ ಆರೆಗನ್ ರಾಜ್ಯದ ಹಾರ್ನಿ ಕೌಂಟಿಗೆ ಹೋದರೆ ಗಂಟೆಗಟ್ಟಲೆ ಸೇಜ್‌ಬ್ರಷ್ ಪೊದೆ, ತಂತಿಬೇಲಿ, ದೂರದಲ್ಲಿ ದನ, ಅಷ್ಟೇ. ಸುಮಾರು 10,000 ಚದರ ಮೈಲಿ ನೆಲ, ಎಂಟು ಸಾವಿರದೊಳಗೆ ಜನ. 1872ರಲ್ಲಿ ಪೀಟರ್ ಫ್ರೆಂಚ್ ಎಂಬ ದನಗಾರ ಕ್ಯಾಲಿಫೋರ್ನಿಯಾದಿಂದ ದನ ಹೊಡ್ಕೊಂಡು ಬಂದು ನೆಲೆ ನಿಂತದ್ದು ಈ ಸೀಮೆಯಲ್ಲೇ.

ಹೋದ ಬೇಸಿಗೆಯಲ್ಲಿ ಅಲ್ಲಿನ ದನ ಸಾಕುವ ಒಂದು ರ‍್ಯಾಂಚ್‌ಗೆ ಹೋಗಿದ್ದೆ. ಕೈಯಲ್ಲಿ ಅಮೆರಿಕ ಸರ್ಕಾರದ ಭೂಸರ್ವೇ ಸಂಸ್ಥೆ ಯುಎಸ್‌ಜಿಎಸ್‌ನ ಹಳೇ ಮ್ಯಾಪ್. 1884ರಿಂದ ಈಚಿನ ಲಕ್ಷಕ್ಕೂ ಜಾಸ್ತಿ ಹಾಳೆಗಳನ್ನು ಅವರು ಸ್ಕ್ಯಾನ್ ಮಾಡಿ ಪುಕ್ಕಟೆ ಕೊಡುತ್ತಾರೆ. ನನ್ನದು ಒಂದು ಇಂಚಿಗೆ 2,000 ಅಡಿ ಲೆಕ್ಕದ ಹಾಳೆ. ಏರಿಳಿತಕ್ಕೆ ಕಂದು ಗೆರೆ, ನೀರಿಗೆ ನೀಲಿ. ಮಳೆಗಾಲದಲ್ಲಷ್ಟೇ ಹರಿಯುವ ಹಳ್ಳವಾದರೆ ನೀಲಿ ಗೆರೆಯ ನಡುನಡುವೆ ಚುಕ್ಕೆ.

ರ‍್ಯಾಂಚ್‌ನ ಯಜಮಾನತಿಗೆ ಎಪ್ಪತ್ತು ದಾಟಿತ್ತು. ಹಾಳೆ ಹರಡಿದ ತಕ್ಷಣ ಬೆಟ್ಟದ ಕಡೆ ನೋಡಲೇ ಇಲ್ಲ, ಬೆರಳು ನೇರ ಒರತೆಗಳ ಮೇಲೆ ಹೋಯಿತು. "ಇದು ಆಗಸ್ಟ್‌ನಲ್ಲೂ ಬತ್ತಲ್ಲ. ಇದು ನಮ್ಮಪ್ಪನ ಕಾಲಕ್ಕೇ ಬತ್ತಿತು. ಇಲ್ಲಿರೋ ದೊಡ್ಡೀಲೇ ಕರುಗಳಿಗೆ ಮುದ್ರೆ ಹಾಕ್ತಿದ್ವಿ."

ಅದೇ ಜಾಗದ ಹೊಸ ಹಾಳೆಯನ್ನು ಫೋನಿನಲ್ಲಿ ತೋರಿಸಿದೆ. ಹಳೇ ಹಾಳೆಯಲ್ಲಿದ್ದ ದೊಡ್ಡಿ ಇಲ್ಲ, ಗಾಳಿಯಿಂದ ನೀರೆತ್ತುವ ವಿಂಡ್‌ಮಿಲ್ ಇಲ್ಲ. 2009ರಿಂದ ಬರುತ್ತಿರುವ ಈ ಹೊಸ ಹಾಳೆಗಳು ಕಂಪ್ಯೂಟರಿನಲ್ಲಿರುವ ಮಾಹಿತಿಯಿಂದ ತಯಾರಾಗುತ್ತವೆ. ಹಿಂದೆ ಸರ್ವೇಯವರು ಮೂರುಗಾಲಿನ ಮೇಲೆ ಹಲಗೆ ಇಟ್ಟು, ನೆಲ ನೋಡುತ್ತಾ ಅಲ್ಲೇ ಗೆರೆ ಎಳೆಯುತ್ತಿದ್ದರು. ವಿಮಾನದಿಂದ ಫೋಟೋ ತೆಗೆಯುವ ಕಾಲ ಬಂದ ಮೇಲೂ ಜನ ನಡೆದು ಹೋಗಿ ತಾಳೆ ನೋಡುತ್ತಿದ್ದರು, ಊರವರನ್ನು ಕೇಳಿ ಹೆಸರು ಬರೆದುಕೊಳ್ಳುತ್ತಿದ್ದರು. ಆ ನಡಿಗೆ ನಿಂತಿದ್ದು ದೊಡ್ಡ ನಷ್ಟ. ದನ ಸಾಕುವವರಿಗೆ ನೀರೆತ್ತುವ ಜಾಗ ಬೆಟ್ಟದ ಎತ್ತರಕ್ಕಿಂತ ಮುಖ್ಯ ಅಲ್ವಾ?

ಮಧ್ಯಾಹ್ನ ಅವರ ಪಿಕಪ್ಪಿನಲ್ಲಿ ಹಾಳೆಯಲ್ಲಿದ್ದ ವಿಂಡ್‌ಮಿಲ್ ಹುಡುಕಿಕೊಂಡು ಹೊರಟೆವು. ದಾರಿ ಅನ್ನುವುದು ಎರಡು ಚಕ್ರದ ಗುರುತು ಮಾತ್ರ. ಗುರುತಿದ್ದ ಕಡೆಯೇ ಕಂಬ ಸಿಕ್ಕಿತು. ರೆಕ್ಕೆಗಳು ಉದುರಿದ್ದವು, ಕಬ್ಬಿಣ ತುಕ್ಕು ಹಿಡಿದಿತ್ತು. ಕೆಳಗಿನ ತೊಟ್ಟಿ ಮಾತ್ರ ತುಂಬಿತ್ತು. ಪಕ್ಕದಲ್ಲಿ ಸೋಲಾರ್ ಪಂಪು, ತೊಟ್ಟಿಯ ಸುತ್ತ ಕೆಸರಿನಲ್ಲಿ ಗೊರಸಿನ ಹಳ್ಳಗಳು.

ಆಕೆ ಬಾನೆಟ್ ಮೇಲೆ ಹಾಳೆ ಇಟ್ಟು, ವಿಂಡ್‌ಮಿಲ್ ಗುರುತಿನ ಪಕ್ಕ ಪೆನ್ಸಿಲಿನಲ್ಲಿ ಪಂಪು ಅಂತ ಬರೆದರು. ಆಮೇಲೆ ಪಕ್ಕದ ಹಾಳೆಯನ್ನೂ ಪ್ರಿಂಟ್ ಹಾಕಿಸಿ ಕಳಿಸಿ ಅಂದರು. ಅವರ ಬೇಸಿಗೆಯ ಹುಲ್ಲುಗಾವಲು ಅದರಲ್ಲಿದೆಯಂತೆ.