ದುಬೈ ಕಾರಿನ ಆಸೆ, ದಿಲ್ಲಿ ಕಾರಿನ ರೇಟು, ನಮ್ಮೂರ ಕನ್ಸಲ್ಟಿಂಗು

ಗಲ್ಫ್‌ನಲ್ಲಿ ಹಳೇ ಕಾರು ಅಗ್ಗ. ಇದು ನಿಜ. ಅಲ್ಲಿ ಕೆಲಸಕ್ಕೆ ಹೋದ ಹುಡುಗರು ವಾಟ್ಸಾಪ್‌ನಲ್ಲಿ ಫೋಟೋ ಕಳಿಸುತ್ತಾರೆ, ಕೆಳಗೆ ದಿರ್ಹಾಮ್‌ನಲ್ಲಿ ರೇಟು ಹಾಕಿರುತ್ತಾರೆ, ಅದನ್ನು ರೂಪಾಯಿಗೆ ಲೆಕ್ಕ ಹಾಕಿದ ಬಳ್ಳಾರಿಯವರಿಗೆ ಆ ರಾತ್ರಿ ನಿದ್ದೆ ಬರೋದಿಲ್ಲ. ನಮ್ಮ ಅಕ್ಕನ ಮಗನೂ ಹಂಗೇ ಒಂದು ಲ್ಯಾಂಡ್ ಕ್ರೂಸರ್ ಫೋಟೋ ಹಿಡಿದು ಬಂದ. "ಮಾವ, ಇದನ್ನ ಹಡಗಿನಾಗೆ ತರ್ಸಿದ್ರೆ ಎಷ್ಟು ಬೀಳ್ತದೆ?"

ನಾನು ಕೇಳಿದ್ದು ಒಂದೇ ಮಾತು. "ಸ್ಟೇರಿಂಗ್ ಯಾವ ಕಡೆಗೈತೆ ನೋಡು." ಫೋಟೋ ದೊಡ್ಡದು ಮಾಡಿ ನೋಡಿದ. ಎಡಕ್ಕಿತ್ತು.

ದುಬೈ, ಸೌದಿ, ಕತಾರ್, ಮಸ್ಕತ್, ಎಲ್ಲಾ ಕಡೆ ಗಾಡಿ ಓಡುವುದು ರಸ್ತೆಯ ಬಲಕ್ಕೆ, ಹಾಗಾಗಿ ಸ್ಟೇರಿಂಗ್ ಎಡಕ್ಕೆ. ನಮ್ಮಲ್ಲಿ ಸೆಕೆಂಡ್ ಹ್ಯಾಂಡ್ ಕಾರು ಆಮದು ಮಾಡಬೇಕಾದರೆ ಸ್ಟೇರಿಂಗ್ ಬಲಕ್ಕೇ ಇರಬೇಕು. ಅಲ್ಲಿಗೆ ಗಲ್ಫ್ ಕಥೆ ಮುಗಿಯಿತು. ಕೇರಳದ ಕಡೆ ದುಬೈ ನಂಬರ್ ಪ್ಲೇಟಿನ ಕಾರು ಓಡಾಡುತ್ತವಲ್ಲ ಅಂತ ಕೇಳುತ್ತೀರಿ. ಅವು ಕಾರ್ನೆ ಅನ್ನುವ ಪಾಸ್ ಮೇಲೆ ಬಂದವು, ಅಂದರೆ ಪ್ರವಾಸಕ್ಕೆ ಬಂದ ಗಾಡಿ, ಸುಂಕ ಕಟ್ಟಿಲ್ಲ, ಕೆಲವು ತಿಂಗಳಲ್ಲಿ ವಾಪಸ್ ಹೋಗಲೇಬೇಕು. ಅದನ್ನು ಇಲ್ಲಿ ಮಾರುವ ಹಾಗಿಲ್ಲ, ಕೊಳ್ಳುವ ಹಾಗೂ ಇಲ್ಲ.

ಹುಡುಗ ಸುಮ್ನೆ ಬಿಡುವವನಲ್ಲ. ಮುಂದಿನ ವಾರ ಜಪಾನ್ ಹಿಡಿದ.

ಜಪಾನ್ ವಿಷಯದಲ್ಲಿ ಸ್ವಲ್ಪ ತೂಕ ಇದೆ, ಒಪ್ಪುತ್ತೇನೆ. ಅಲ್ಲಿ ನಮ್ಮ ಹಾಗೆ ರಸ್ತೆಯ ಎಡಕ್ಕೇ ಓಡಿಸುತ್ತಾರೆ. ಹೊಸ ಕಾರಿಗೆ ಮೂರು ವರ್ಷ ಆದ ಮೇಲೆ, ಆಮೇಲೆ ಎರಡೆರಡು ವರ್ಷಕ್ಕೊಮ್ಮೆ 'ಶಾಕೆನ್' ಅನ್ನುವ ತಪಾಸಣೆ ಮಾಡಿಸಬೇಕು, ಅದರ ಖರ್ಚು ಜಾಸ್ತಿ, ಅದಕ್ಕೇ ಎಷ್ಟೋ ಜನ ಕಾರು ಗಟ್ಟಿ ಇರುವಾಗಲೇ ಮಾರಿಬಿಡುತ್ತಾರೆ. ಅವು ಹರಾಜಿಗೆ ಬರುತ್ತವೆ. ಹರಾಜಿನ ಚೀಟಿಯಲ್ಲಿ ಎಲ್ಲಿ ಗೀರಿದೆ, ಎಲ್ಲಿ ತಗ್ಗಿದೆ, ಯಾವ ಪ್ಯಾನೆಲ್ ಬದಲಾಗಿದೆ ಅನ್ನುವುದನ್ನು ಚಿತ್ರದ ಮೇಲೇ ಗುರುತು ಹಾಕಿ, ಗಾಡಿಗೆ ಒಂದು ಗ್ರೇಡ್ ಕೊಟ್ಟಿರುತ್ತಾರೆ. ಶ್ರೀಲಂಕಾ, ಬಾಂಗ್ಲಾದೇಶ, ಕೀನ್ಯಾ, ನ್ಯೂಜಿಲೆಂಡ್ ರಸ್ತೆಗಳಲ್ಲಿ ಇಂಥ ಕಾರುಗಳೇ ತುಂಬಿವೆ. ನಮ್ಮ ಕನ್ಸಲ್ಟಿಂಗ್‌ನವರು, ಅಂದರೆ ಹಳೇ ಗಾಡಿ ವ್ಯಾಪಾರ ಮಾಡುವವರು, ಯಾರಾದರೂ ಅಂಥ ಒಂದು ಚೀಟಿ ಕೊಟ್ಟರೆ ನಾನು ಕೈಮುಗಿಯುತ್ತೇನೆ.

ಆದರೆ ಭಾರತದ ನಿಯಮ ಬೇರೆ. ಕಾರು ತಯಾರಾಗಿ ಮೂರು ವರ್ಷಕ್ಕಿಂತ ಹೆಚ್ಚಾಗಿರಬಾರದು. ಬರುವುದಾದರೆ ಮುಂಬೈ ಬಂದರಿಗೇ ಬರಬೇಕು, ಮಂಗಳೂರೂ ಇಲ್ಲ, ಚೆನ್ನೈಯೂ ಇಲ್ಲ. ಬಂದ ದಿನದಿಂದ ಕನಿಷ್ಠ ಐದು ವರ್ಷ ರಸ್ತೆ ಮೇಲೆ ಓಡುವ ತಾಕತ್ತು ಇರಬೇಕು, ಅಷ್ಟು ದಿನ ಸರ್ವಿಸ್ ಸಿಗುತ್ತದೆ ಅಂತ ಆಮದು ಮಾಡಿದವರೇ ಮುಚ್ಚಳಿಕೆ ಕೊಡಬೇಕು, ಪುಣೆ ಅಥವಾ ಅಹಿಲ್ಯಾನಗರದ (ಹಳೇ ಹೆಸರು ಅಹ್ಮದ್‌ನಗರ) ಸಂಸ್ಥೆಯಲ್ಲಿ ಗಾಡಿ ಟೆಸ್ಟ್ ಆಗಬೇಕು. ಇಷ್ಟೆಲ್ಲಾ ಆದ ಮೇಲೆ ಸುಂಕ. ಬಹಳ ವರ್ಷಗಳ ಕಾಲ ಹಳೇ ಕಾರಿನ ಮೂಲ ಸುಂಕವೇ ಶೇ 125 ಇತ್ತು. 2025ರ ಬಜೆಟ್‌ನಲ್ಲಿ ಅದನ್ನು ಇಳಿಸಿದರು ಅಂತ ಸುದ್ದಿ ಬಂತು, ಆದರೆ ಇಳಿಸಿದಷ್ಟನ್ನು ಸೆಸ್ ಹೆಸರಲ್ಲಿ ಮತ್ತೆ ಸೇರಿಸಿದರು, ಕೈಯಿಂದ ಹೋಗುವ ದುಡ್ಡು ಹೆಚ್ಚುಕಮ್ಮಿ ಅಷ್ಟೇ. ಅದೂ ಬರೀ ಕಾರಿನ ಬೆಲೆ ಮೇಲಲ್ಲ, ಹಡಗಿನ ಬಾಡಿಗೆ, ಇನ್ಶೂರೆನ್ಸ್ ಸೇರಿಸಿದ ಮೊತ್ತದ ಮೇಲೆ. ಮುಂಬೈಗೆ ಬಂದು ನಿಂತಾಗ 5 ಲಕ್ಷ ಆದ ಕಾರು ಬಂದರಿನ ಗೇಟು ದಾಟುವಾಗ 11 ಲಕ್ಷ ಮೀರಿರುತ್ತದೆ. ಜಿಎಸ್‌ಟಿ ಬೇರೆ. ಬಳ್ಳಾರಿಗೆ ತಂದ ಮೇಲೆ ಲೈಫ್ ಟ್ಯಾಕ್ಸ್ ಬೇರೆ.

ಶಾಶ್ವತವಾಗಿ ವಾಪಸ್ ಬರುವವರಿಗೆ ಸುಂಕ ಮಾಫಿ ಅಂತ ಕಟ್ಟೆ ಮೇಲೆ ಕೂತವರು ಹೇಳುತ್ತಾರೆ. ಫ್ರಿಜ್ಜು, ವಾಷಿಂಗ್ ಮೆಷಿನ್ ಥರದ ಮನೆ ಸಾಮಾನಿಗೆ ರಿಯಾಯಿತಿ ಉಂಟು. ಕಾರಿಗೆ ಇಲ್ಲ.

ಆಮದಿನ ಈ ಬಿಗಿ ನಿಯಮ ತಪ್ಪು ಅಂತ ನನಗೇನೂ ಅನ್ನಿಸುವುದಿಲ್ಲ. ತೋರಣಗಲ್ಲು ರಸ್ತೆಯಲ್ಲಿ ಅದಿರು ಲಾರಿಯ ಹಿಂದೆ ಹೋಗುವಾಗ ಒಂದು ಕಲ್ಲು ಸಿಡಿದು ಮುಂದಿನ ಗ್ಲಾಸ್ ಸೀಳಿತು ಅಂದುಕೊಳ್ಳಿ. ಮಾರುತಿ, ಹ್ಯುಂಡೈ ಆದರೆ ಸಂಜೆಯೊಳಗೆ ಬೇರೆ ಗ್ಲಾಸ್ ಕೂರಿಸಿ ಕೊಡುತ್ತಾರೆ. ಇಲ್ಲಿ ಮಾರಾಟವೇ ಆಗದ ಜಪಾನಿನ ಮಾಡೆಲ್ ಆದರೆ?

ಇಷ್ಟು ಕಷ್ಟ ಇರುವುದರಿಂದಲೇ ಕಳ್ಳದಾರಿ ಹುಟ್ಟಿಕೊಂಡಿದೆ. 2025ರ ಸೆಪ್ಟೆಂಬರ್‌ನಲ್ಲಿ ಕೇರಳದಲ್ಲಿ ಕಸ್ಟಮ್ಸ್‌ನವರು 'ಆಪರೇಷನ್ ನುಮ್‌ಖೋರ್' ಅಂತ ದಾಳಿ ಮಾಡಿ, ಭೂತಾನ್ ಮೂಲಕ ಸುಂಕ ಕಟ್ಟದೆ ಒಳಗೆ ಬಂದವು ಅಂತ ಹೇಳಿ ಎಷ್ಟೋ ದೊಡ್ಡ ಗಾಡಿಗಳನ್ನು ಎತ್ತಿಕೊಂಡು ಹೋದರು. ಕೊಂಡವರ ಹತ್ತಿರ ಆರ್‌ಸಿ ಇತ್ತು, ನಂಬರ್ ಇತ್ತು. ಆದರೂ ಗಾಡಿ ಹೋಯಿತು. ಇನ್ನೊಂದು ಇದಕ್ಕಿಂತ ಚಿಲ್ಲರೆ ಮೋಸ: "ಕಸ್ಟಮ್ಸ್ ಹರಾಜಿನ ಕಾರು, ಅರ್ಧ ಬೆಲೆ, ಬಿಡಿಸಿಕೊಳ್ಳಲು ಮೊದಲು ಇಷ್ಟು ಹಾಕಿ." ಹಾಕಬೇಡಿ. ಅಲ್ಲಿ ಕಾರೇ ಇರುವುದಿಲ್ಲ.

ಸರಿ, ವಿದೇಶ ಬಿಡಿ. ನಮ್ಮ ಕಡೆ ನಿಜವಾದ 'ಫಾರಿನ್' ಅಂದರೆ ದಿಲ್ಲಿ. ಬಳ್ಳಾರಿ, ಗಂಗಾವತಿ, ಸಿಂಧನೂರು ಎಲ್ಲಿ ಹೋದರೂ ದಿಲ್ಲಿಯಿಂದ ಗಾಡಿ ತಂದು ಮಾರುವವರು ಒಬ್ಬಿಬ್ಬರು ಇದ್ದೇ ಇರುತ್ತಾರೆ. ಅಲ್ಲಿ ಯಾಕೆ ಅಗ್ಗ ಅನ್ನುವುದು ಗುಟ್ಟೇನಲ್ಲ. 10 ವರ್ಷ ದಾಟಿದ ಡೀಸೆಲ್, 15 ವರ್ಷ ದಾಟಿದ ಪೆಟ್ರೋಲ್ ಗಾಡಿ ದಿಲ್ಲಿಯಲ್ಲಿ ಓಡಬಾರದು ಅಂತ 2015ರಲ್ಲಿ ಹಸಿರು ನ್ಯಾಯಮಂಡಳಿ ಹೇಳಿತು, 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. 2025ರಲ್ಲಿ ಅದರ ಬಗ್ಗೆ ಮತ್ತೆ ಕೋರ್ಟಿನಲ್ಲಿ ಎಳೆದಾಟ ನಡೆಯಿತು, ಆದರೂ ಮಾಲೀಕರ ಹೆದರಿಕೆ ಪೂರ್ತಿ ಹೋಗಿಲ್ಲ. ಏಳೆಂಟು ವರ್ಷದ ಇನ್ನೋವಾ ಅಲ್ಲಿಯವರಿಗೆ ಮುಗಿಯುತ್ತಾ ಬಂದ ಗಾಡಿ. ನಮಗೆ ಇನ್ನೂ ಅರ್ಧ ಆಯಸ್ಸು ಬಾಕಿ ಇರುವ ಗಾಡಿ.

ಇಲ್ಲಿಯವರೆಗೆ ಲೆಕ್ಕ ಚೆನ್ನಾಗಿಯೇ ಇದೆ. ಬಿಗಿಯುವುದು ನಂಬರ್ ಬದಲಿಸುವಾಗ. ಅಲ್ಲಿನ ಆರ್‌ಟಿಒದಿಂದ ಎನ್‌ಒಸಿ, ಅಂದರೆ ನಮ್ಮ ಅಡ್ಡಿ ಇಲ್ಲ ಅನ್ನುವ ಪತ್ರ ಬರಬೇಕು, ಅದು ನಮೂನೆ 28. ಗಾಡಿ ಮೇಲೆ ಸಾಲ ಇದ್ದಿದ್ದರೆ ಅದು ತೀರಿದೆ ಅಂತ ಬ್ಯಾಂಕ್ ಕೊಡುವ ನಮೂನೆ 35. ಕದ್ದ ಗಾಡಿ ಅಲ್ಲ ಅನ್ನುವುದಕ್ಕೆ ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ (ಎನ್‌ಸಿಆರ್‌ಬಿ) ವರದಿ. ಆಮೇಲೆ ನಮ್ಮ ಕರ್ನಾಟಕದ ಲೈಫ್ ಟ್ಯಾಕ್ಸ್, ಕಾರಿನ ಬೆಲೆ ನೋಡಿ ಶೇ 13ರಿಂದ 18, ಅದರ ಮೇಲೆ ಸೆಸ್. ಜನ ತಪ್ಪುವುದು ಇಲ್ಲೇ. ತೆರಿಗೆ ನೀವು ಕೊಟ್ಟ ಬೆಲೆ ಮೇಲಲ್ಲ. ಗಾಡಿ ಹೊಸದಿದ್ದಾಗಿನ ಬೆಲೆ ಹಿಡಿದು, ವಯಸ್ಸಿಗೆ ತಕ್ಕಂತೆ ಇಳಿಸಿ ಹಾಕುತ್ತಾರೆ. ಹೊಸದಿದ್ದಾಗ 15 ಲಕ್ಷದ ಕಾರಾದರೆ ಶೇ 17, ಅಂದರೆ ಎರಡೂವರೆ ಲಕ್ಷ. ಏಳೆಂಟು ವರ್ಷದ ಇಳಿಕೆ ಕಳೆದರೂ ಲಕ್ಷದ ಮೇಲೆ ಕಟ್ಟಬೇಕು. ದಿಲ್ಲಿಯಲ್ಲಿ ಉಳಿಸಿದ್ದು ಬಳ್ಳಾರಿ ಆರ್‌ಟಿಒದಲ್ಲಿ ಹೋಗುತ್ತದೆ, ಅಲ್ವಾ?

ಇದನ್ನು ತಪ್ಪಿಸಲು "ಹಂಗೇ ದಿಲ್ಲಿ ನಂಬರ್‌ನಾಗೇ ಓಡ್ಸು, ಏನಾಗಲ್ಲ" ಅನ್ನುವ ಸಲಹೆ ಪುಕ್ಕಟೆ ಸಿಗುತ್ತದೆ. ಬೇರೆ ರಾಜ್ಯದ ಗಾಡಿ ಇಲ್ಲಿ 12 ತಿಂಗಳಿಗಿಂತ ಹೆಚ್ಚು ಇದ್ದರೆ ಇಲ್ಲಿನ ನಂಬರ್ ಮಾಡಿಸಲೇಬೇಕು ಅಂತ ಮೋಟಾರು ವಾಹನ ಕಾಯ್ದೆ ಹೇಳುತ್ತದೆ. ಅದಕ್ಕಿಂತ ದೊಡ್ಡ ತೊಂದರೆ, ಆರ್‌ಸಿಯಲ್ಲಿ ಇನ್ನೂ ಯಾರೋ ದಿಲ್ಲಿಯವರ ಹೆಸರೇ ಇರುತ್ತದೆ. ಅಪಘಾತ ಆದರೆ ಇನ್ಶೂರೆನ್ಸ್ ಕ್ಲೇಮ್ ಮಾಡುವವರು ಯಾರು? ಗಡಿಯಲ್ಲಿ ಇರುವ ನಮಗೆ ಆಂಧ್ರದ ನಂಬರ್ ಗಾಡಿ ನೋಡಿ ನೋಡಿ ರೂಢಿ, ರಾಯದುರ್ಗ, ಆದೋನಿ, ಗುಂತಕಲ್ ಎಲ್ಲ ಬೀಗರ ಊರುಗಳು, ಮಾವನ ಕಾರು ಅಳಿಯ ಓಡಿಸುತ್ತಾನೆ. ಅದು ಬೇರೆ. ದುಡ್ಡು ಕೊಟ್ಟು ಕೊಂಡ ಗಾಡಿ ಬೇರೆಯವರ ಹೆಸರಲ್ಲಿ ಇಟ್ಟುಕೊಳ್ಳುವುದು ಬೇರೆ.

ಹಾಗಾಗಿ ನನ್ನ ಓಟು ನಮ್ಮೂರ ಗಾಡಿಗೇ. ಕೆಎ 34 ಬಳ್ಳಾರಿ, 35 ಹೊಸಪೇಟೆ, 36 ರಾಯಚೂರು, 37 ಕೊಪ್ಪಳ, ಈ ನಾಲ್ಕರಲ್ಲಿ ಒಂದಾದರೆ ಅರ್ಧ ವಿಚಾರಣೆ ಫೋನ್‌ನಲ್ಲೇ ಮುಗಿಯುತ್ತದೆ. ನಮ್ಮೂರ ಡೀಲರ್ ಸತ್ಯಹರಿಶ್ಚಂದ್ರ ಅಂತ ಅಲ್ಲ. ಒಬ್ಬ ಕನ್ಸಲ್ಟಿಂಗ್‌ನವನು ನನಗೇ "ಡಾಕ್ಟ್ರ ಗಾಡಿ, ಸಿಂಗಲ್ ಓನರ್" ಅಂತ ತೋರಿಸಿದ ಸ್ವಿಫ್ಟ್‌ನ ನಂಬರ್ ಸರ್ಕಾರದ ಎಂಪರಿವಹನ್ ಆ್ಯಪ್‌ಗೆ ಹಾಕಿದರೆ ಮೂರನೇ ಓನರ್ ಅಂತ ಬಂತು. ಕೇಳಿದ್ದಕ್ಕೆ ನಕ್ಕು, ಮೊದಲನೇ ಓನರ್ ಡಾಕ್ಟ್ರೇ ಸಾರ್ ಅಂದ. ಹತ್ತಿರದ ಗಾಡಿಯ ಲಾಭ ಏನೆಂದರೆ ಸುಳ್ಳು ಬೇಗ ಹೊರಗೆ ಬೀಳುತ್ತದೆ. ಯಾವ ಶೋರೂಮಿನಲ್ಲಿ ಸರ್ವಿಸ್ ಆಗುತ್ತಿತ್ತು, ಯಾರು ಓಡಿಸುತ್ತಿದ್ದರು, ಯಾವ ಗ್ಯಾರೇಜಿಗೆ ಹೋಗುತ್ತಿತ್ತು, ಒಬ್ಬರಲ್ಲ ಒಬ್ಬರಿಗೆ ಗೊತ್ತಿರುತ್ತದೆ.

ನಮ್ಮ ಭಾಗದ ಗಾಡಿಗೆ ಮಾತ್ರ ನೋಡಬೇಕಾದ್ದು ಒಂದೆರಡು ಇವೆ. ಮೊದಲನೆಯದು ಗಣಿ ಧೂಳು. ಸಂಡೂರು, ತೋರಣಗಲ್ಲು ಕಡೆ ಓಡಿದ ಗಾಡಿಯನ್ನು ಎಷ್ಟು ತೊಳೆದರೂ ಡಿಕ್ಕಿಯ ರಬ್ಬರ್ ಬೀಡಿಂಗ್ ಎತ್ತಿದರೆ ಕೆಂಪು ಪುಡಿ ಸಿಗುತ್ತದೆ, ಬಾನೆಟ್ ಕೀಲಿನ ಮೂಲೆಯಲ್ಲಿ ಸಿಗುತ್ತದೆ, ಎಸಿ ಫಿಲ್ಟರ್ ತೆಗೆದರಂತೂ ಕೇಳಲೇಬೇಡಿ. ಧೂಳು ಇದ್ದ ಮಾತ್ರಕ್ಕೆ ಬೇಡ ಅನ್ನುವುದಿಲ್ಲ, ಬಳ್ಳಾರಿಯಲ್ಲಿ ಧೂಳಿಲ್ಲದ ಗಾಡಿ ಎಲ್ಲಿಂದ ತರೋಣ? ಆದರೆ ಮಾರುವವರು "ಬರೀ ಸಿಟಿಯೊಳಗೆ ಓಡಿದ್ದು" ಅಂದಾಗ ಆ ಕೆಂಪು ಪುಡಿ ಬೇರೆ ಹೇಳುತ್ತಿದ್ದರೆ ಅಲ್ಲಿಂದ ಎದ್ದು ಬನ್ನಿ. ಏರ್ ಫಿಲ್ಟರ್ ಸರಿಯಾಗಿ ಬದಲಿಸದೆ ಆ ಧೂಳಿನಲ್ಲಿ ಓಡಿಸಿದ್ದರೆ ಡೀಸೆಲ್ ಇಂಜಿನ್ನು, ಟರ್ಬೋ ಬೇಗ ಸವೆಯುತ್ತವೆ.

ಎರಡನೆಯದು ಯೆಲ್ಲೋ ಬೋರ್ಡ್. ನಮ್ಮಲ್ಲಿ ಸ್ಟೀಲ್ ಪ್ಲಾಂಟು, ಪವರ್ ಪ್ಲಾಂಟು, ಗಣಿ ಕಂಪನಿಗಳಿಗೆ ಬಾಡಿಗೆಗೆ ಹೋಗುವ ಕಾರುಗಳು ಜಾಸ್ತಿ. ಬೆಳಿಗ್ಗೆ ಶಿಫ್ಟಿಗೆ ಬಿಡು, ರಾತ್ರಿ ಶಿಫ್ಟಿಂದ ಕರೆದು ತಾ, ಇಂಜಿನ್ ತಣ್ಣಗಾಗುವುದೇ ಇಲ್ಲ. ಕೆಲವು ವರ್ಷ ಹೀಗೆ ಓಡಿಸಿ, ವೈಟ್ ಬೋರ್ಡ್ ಮಾಡಿಸಿ, ಸೀಟ್ ಕವರ್ ಬದಲಿಸಿ, ಮೀಟರ್ ಹಿಂದಕ್ಕೆ ತಿರುಗಿಸಿ ಮಾರುತ್ತಾರೆ. ಮೀಟರ್ 60 ಸಾವಿರ ತೋರಿಸಬಹುದು. ಕ್ಲಚ್ಚು, ಬ್ರೇಕ್ ಪೆಡಲಿನ ರಬ್ಬರ್ ನೋಡಿ, ಸ್ಟೇರಿಂಗ್ ಮೇಲೆ ಕೈ ಇಡುವ ಜಾಗ ನುಣ್ಣಗಾಗಿದೆಯಾ ನೋಡಿ, ಡ್ರೈವರ್ ಸೀಟಿನ ಹೊರಗಿನ ಅಂಚು ಕುಸಿದಿದೆಯಾ ನೋಡಿ. ಟೈರಿನ ಮೇಲೆ ನಾಲ್ಕು ಅಂಕಿ ಇರುತ್ತವೆ, 2319 ಅಂತಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಅದು ಗಾಡಿಯ ವರ್ಷಕ್ಕಿಂತ ಈಚಿನದಾದರೆ ಟೈರ್ ಬದಲಾಗಿದೆ ಅಂತ ಅರ್ಥ, 60 ಸಾವಿರವೇ ಓಡಿದ ಗಾಡಿಗೆ ಇದು ಎಷ್ಟನೇ ಸೆಟ್ ಟೈರ್, ಯಾಕೆ ಬಂತು ಅಂತ ಕೇಳಿ. ಚಾಸಿಸ್ ನಂಬರ್ ಕೊಟ್ಟು ಕಂಪನಿ ಸರ್ವಿಸ್ ಸೆಂಟರಿನಲ್ಲಿ ಹಳೇ ಸರ್ವಿಸ್ ದಾಖಲೆ ವಿಚಾರಿಸಿದರೆ ಯಾವ ತಾರೀಖಿಗೆ ಎಷ್ಟು ಕಿಲೋಮೀಟರ್ ಆಗಿತ್ತು ಅನ್ನುವುದು ಸಿಗುತ್ತದೆ. ಅಲ್ಲಿ ಪರಿಚಯದವರು ಇದ್ದರೆ ಇನ್ನೂ ಬೇಗ.

ಡೀಲರ್ ಹತ್ತಿರ ಕೊಳ್ಳುವುದಾದರೆ ಇನ್ನೊಂದು ವಿಷಯ. 2023ರ ಏಪ್ರಿಲ್‌ನಿಂದ ಹಳೇ ಗಾಡಿ ವ್ಯಾಪಾರ ಮಾಡುವವರು ಆರ್‌ಟಿಒದಿಂದ ಅಧಿಕಾರ ಪತ್ರ ಪಡೆಯಬೇಕು ಅನ್ನುವ ನಿಯಮ ಬಂದಿದೆ. ಮಾಲೀಕ ಗಾಡಿಯನ್ನು ಡೀಲರ್ ಕೈಗೆ ಕೊಟ್ಟಾಗ ಅದನ್ನು ಆರ್‌ಟಿಒಗೆ ತಿಳಿಸಬೇಕು, ಅಲ್ಲಿಂದ ಗಾಡಿಯ ಜವಾಬ್ದಾರಿ ಡೀಲರ್‌ದು. ಆ ಪತ್ರ ಇದೆಯಾ ಅಂತ ಕೇಳಿ ನೋಡಿ, ಅವರ ಮುಖದಲ್ಲೇ ಉತ್ತರ ಸಿಗುತ್ತದೆ. ಹಾಗೇ "ಈಗ ಹಳೇ ಕಾರಿಗೂ ಶೇ 18 ಜಿಎಸ್‌ಟಿ ಸಾರ್" ಅಂತ ಪೂರ್ತಿ ಬೆಲೆ ಮೇಲೆ ಹಾಕಲು ಬಂದರೆ ನಂಬಬೇಡಿ. 2025ರಿಂದ ಎಲ್ಲಾ ಹಳೇ ಕಾರಿಗೂ ಶೇ 18 ಆಗಿದ್ದು ನಿಜ, ಆದರೆ ಅದು ಜಿಎಸ್‌ಟಿ ನೋಂದಣಿ ಇರುವ ಡೀಲರ್‌ನ ಲಾಭದ ಮೇಲೆ ಮಾತ್ರ. ನಮ್ಮ ನಿಮ್ಮಂಥವರು ಒಬ್ಬರಿಗೊಬ್ಬರು ಮಾರಿಕೊಂಡರೆ ಅದೂ ಇಲ್ಲ.

ಅಕ್ಕನ ಮಗ ಕೊನೆಗೆ ಕೊಂಡಿದ್ದು ಕೊಪ್ಪಳದ ಒಬ್ಬ ಮೇಷ್ಟ್ರ ವ್ಯಾಗನ್ ಆರ್. ಲ್ಯಾಂಡ್ ಕ್ರೂಸರ್‌ನಿಂದ ವ್ಯಾಗನ್ ಆರ್‌ಗೆ ಇಳಿದದ್ದಕ್ಕೆ ಮನೆಯಲ್ಲಿ ಇನ್ನೂ ಚೇಷ್ಟೆ ಮಾಡುತ್ತಾರೆ, ಅದು ಬಿಡಿ. ಕಾಗದದ ಕೆಲಸ ಮಾತ್ರ ಅವನು ಅಚ್ಚುಕಟ್ಟಾಗಿ ಮಾಡಿಸಿದ. ಮಾಲೀಕರ ಹೆಸರು ಬದಲಿಸುವ ನಮೂನೆ 29, 30ಕ್ಕೆ ಸಹಿ ಹಾಕಿಸಿಕೊಂಡು ಬೀರುವಿನಲ್ಲಿ ಇಡಲಿಲ್ಲ, ಅದೇ ವಾರ ಆನ್‌ಲೈನ್‌ನಲ್ಲಿ ಹಾಕಿದ. ಇನ್ಶೂರೆನ್ಸ್ ಹೆಸರು ಬದಲಿಸಲು ಇರುವ 14 ದಿನದೊಳಗೆ ಅದನ್ನೂ ಮುಗಿಸಿದ, ಮೇಷ್ಟ್ರ ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದ್ದಕ್ಕೆ ಸಿಗುವ ರಿಯಾಯಿತಿ) ಅವರಿಗೇ ಹೋಗುವುದರಿಂದ ಸ್ವಲ್ಪ ದುಡ್ಡು ಹೆಚ್ಚು ಕಟ್ಟಬೇಕಾಯಿತು. ಡೆಲಿವರಿ ನೋಟ್‌ನಲ್ಲಿ ತಾರೀಖಿನ ಜೊತೆ ಟೈಮ್ ಕೂಡ ಬರೆಸಿಕೊಂಡ. ಮಧ್ಯಾಹ್ನದವರೆಗೆ ಬಿದ್ದ ಫೈನು ಮೇಷ್ಟ್ರದು, ಆಮೇಲಿನದು ಇವನದು.