ಗಡ್ಡೆ ತೆಗೆದಾಯ್ತಲ್ಲ, ಮತ್ತ್ಯಾಕೆ ಕರೆಂಟು?

ರೇಡಿಯೇಷನ್ ವಿಭಾಗದಲ್ಲಿ ಕೆಲಸ ಮಾಡುವ ನನಗೆ ಮದುವೆ ಊಟದ ಪಂಕ್ತಿಯಲ್ಲೂ ಸ್ತನ ಕ್ಯಾನ್ಸರ್ ಬಗ್ಗೆ ಈ ಪ್ರಶ್ನೆ ತಪ್ಪುವುದಿಲ್ಲ. "ಸ್ತನ ಉಳಿಸಿ ಗಡ್ಡೆ ಮಾತ್ರ ತೆಗೆದ್ರು. ಅಂಚಿನಲ್ಲಿ ಏನಿಲ್ಲ ಅಂತ ರಿಪೋರ್ಟೂ ಬಂತು. ಮತ್ತೆ ಕರೆಂಟ್ ಯಾಕೆ?" ಕರೆಂಟ್ ಅಂದರೆ ರೇಡಿಯೇಷನ್, ಸ್ತನಕ್ಕೆ ಕಿರಣ ಹಾಯಿಸುವ ಚಿಕಿತ್ಸೆ.

ಅಂಚಿನಲ್ಲಿ ಏನಿಲ್ಲ ಎಂದರೆ ಕತ್ತರಿಸಿ ತೆಗೆದ ತುಂಡಿನ ಅಂಚಿನಲ್ಲಿ ಕ್ಯಾನ್ಸರ್ ಇಲ್ಲ, ಅಷ್ಟೇ. ಸ್ತನದ ಉಳಿದ ಭಾಗದಲ್ಲಿ ಯಾವ ಸ್ಕ್ಯಾನಿಗೂ ಸಿಗದಷ್ಟು ಸಣ್ಣದಾಗಿ ಕ್ಯಾನ್ಸರ್ ಕಣಗಳು ಅಡಗಿರಬಹುದು. ಇಡೀ ಸ್ತನ ತೆಗೆಯಬೇಕಿಲ್ಲ ಎಂದು ಡಾಕ್ಟರು ಧೈರ್ಯವಾಗಿ ಹೇಳುವುದೇ ಮುಂದೆ ರೇಡಿಯೇಷನ್ ಇದೆ ಎಂಬ ಲೆಕ್ಕದ ಮೇಲೆ. ಅಮೆರಿಕದಲ್ಲಿ ಸರ್ಜನ್ ಬರ್ನಾರ್ಡ್ ಫಿಶರ್ ತಂಡ 1976ರಲ್ಲಿ ಆರಂಭಿಸಿದ ಅಧ್ಯಯನದ 20 ವರ್ಷದ ಫಲಿತಾಂಶ 2002ರಲ್ಲಿ ಹೊರಬಂತು. ಗಡ್ಡೆ ಮಾತ್ರ ತೆಗೆಸಿಕೊಂಡವರಲ್ಲಿ ಶೇ. 39.2 ಮಂದಿಗೆ ಅದೇ ಸ್ತನದಲ್ಲಿ ಕಾಯಿಲೆ ಮರಳಿತ್ತು, ರೇಡಿಯೇಷನ್ ಕೂಡ ಪಡೆದವರಲ್ಲಿ ಶೇ. 14.3. ಈಗ ಔಷಧಗಳು ಸುಧಾರಿಸಿ ಎರಡೂ ಸಂಖ್ಯೆ ಇಳಿದಿವೆ. ಆದರೂ ರೇಡಿಯೇಷನ್ ಬಿಟ್ಟರೆ ಅಪಾಯ ಹೆಚ್ಚೇ.

ಎಲ್ಲರಿಗೂ ಬೇಕೇ ಬೇಕಾ? ಇಲ್ಲ. 65 ದಾಟಿದವರು, ಗಡ್ಡೆ 3 ಸೆಂ.ಮೀ. ಒಳಗೆ, ಕಂಕುಳಿನ ಗ್ರಂಥಿಗೆ ಹಬ್ಬಿಲ್ಲ, ಹಾರ್ಮೋನ್ ರಿಸೆಪ್ಟರ್ ಪಾಸಿಟಿವ್ (ಅಂದರೆ ಹಾರ್ಮೋನ್ ಬಲದಿಂದ ಬೆಳೆಯುವ ಕ್ಯಾನ್ಸರ್): ಇಂಥವರ ಮೇಲೆ ನಡೆದ ಇನ್ನೊಂದು ಅಧ್ಯಯನದಲ್ಲಿ ರೇಡಿಯೇಷನ್ ಬಿಟ್ಟಾಗ ಹತ್ತು ವರ್ಷದಲ್ಲಿ ಶೇ. 9.5 ಮಂದಿಗೆ ಅಲ್ಲೇ ಮರಳಿತು, ಕೊಟ್ಟಾಗ ಶೇ. 0.9. ಬದುಕಿನ ಅವಧಿಯಲ್ಲಿ ಮಾತ್ರ ವ್ಯತ್ಯಾಸ ಕಾಣಲಿಲ್ಲ. ಹಾಗಾಗಿ ಅವರು ಬಿಡುವ ಬಗ್ಗೆ ಡಾಕ್ಟರ ಜೊತೆ ಮಾತಾಡಬಹುದು. ಆದರೆ ಹಾರ್ಮೋನ್ ತಡೆಯುವ ಮಾತ್ರೆಯನ್ನು ವರ್ಷಗಟ್ಟಲೆ ತಪ್ಪದೆ ನುಂಗಬೇಕು. ಮಾತ್ರೆಯನ್ನೂ ಬಿಟ್ಟು, ಇದನ್ನೂ ಬಿಡುತ್ತೇನೆ ಅನ್ನುವವರ ಜೊತೆ ನಾನು ಜಗಳಕ್ಕೇ ನಿಲ್ಲುತ್ತೇನೆ.

ಒಳಗೆ ನಡೆಯುವುದು ಇಷ್ಟು. ಮೊದಲು ಪ್ಲಾನಿಂಗ್: ಸಿ.ಟಿ. ಸ್ಕ್ಯಾನ್ ತೆಗೆದು ಚರ್ಮದ ಮೇಲೆ ಗುರುತು ಹಾಕುತ್ತೇವೆ. ಆಮೇಲೆ ಪ್ರತಿ ಸಲ ಕೈ ತಲೆಯ ಮೇಲಿಟ್ಟು ಮಲಗಬೇಕು. ಗೋಡೆಯಿಂದ ಬರುವ ಲೇಸರ್ ಗೆರೆ ಆ ಗುರುತಿಗೆ ಸರಿಯಾಗಿ ಕೂರುವವರೆಗೆ ನಿಮ್ಮನ್ನು ಕೂದಲೆಳೆಯಷ್ಟು ಅತ್ತಿತ್ತ ಸರಿಸುತ್ತೇವೆ. ನಿಜವಾದ ಸಮಯ ತಿನ್ನುವುದು ಇದೇ, ಕಿರಣ ಬೀಳುವುದು ಕೆಲವೇ ನಿಮಿಷ. ಎಡ ಸ್ತನವಾದರೆ ಹಲವರಿಗೆ ಉಸಿರು ಎಳೆದು ಹಿಡಿಯಲು ಹೇಳುತ್ತೇವೆ. ಶ್ವಾಸಕೋಶ ಉಬ್ಬಿ ಹೃದಯ ಕಿರಣದ ದಾರಿಯಿಂದ ಹಿಂದೆ ಸರಿಯುತ್ತದೆ. ಕೈ ಎತ್ತುವಾಗ ಹೆಗಲು ಹಿಡಿದುಕೊಂಡರೆ ಮೊದಲೇ ಫಿಸಿಯೋಥೆರಪಿಸ್ಟ್‌ಗೆ ತೋರಿಸಿ.

ನೋವಿಲ್ಲ. ತಲೆಗೂದಲು ಇದರಿಂದ ಉದುರುವುದಿಲ್ಲ. ಚರ್ಮ ಕಪ್ಪಾಗುತ್ತದೆ, ಸುಸ್ತು ಬರುತ್ತದೆ. ಮೈಯಲ್ಲಿ ವಿಕಿರಣ ಉಳಿಯುವುದಿಲ್ಲ, ಮೊಮ್ಮಕ್ಕಳನ್ನು ಧಾರಾಳವಾಗಿ ಎತ್ತಿಕೊಳ್ಳಿ. ಮೊದಲು ಐದು ವಾರ ಹಿಡಿಯುತ್ತಿದ್ದದ್ದು ಈಗ ಹಲವರಿಗೆ 15 ಸಿಟ್ಟಿಂಗ್, ಮೂರು ವಾರ. ಕೆಲವರಿಗೆ ಐದೇ ದಿನ. ದೂರದ ಊರಿನವರಾದರೆ, ನಿಮಗೆ ಐದು ದಿನದ್ದು ಆಗುತ್ತದಾ ಎಂದು ಪ್ಲಾನಿಂಗ್‌ಗೆ ಮೊದಲೇ ಕೇಳಿ.