ಏಣಿ, ಸೋಪಿನ ಗುಳ್ಳೆ ಮತ್ತು ಮೂರನೆಯ ಐಟಂ

ಟಿ.ವಿ. ಪ್ರತಿಭಾ ಸ್ಪರ್ಧೆಯ ಸೆಟ್ಟಿನಲ್ಲಿ ಬೆಳಿಗ್ಗೆ ಆರೂವರೆಗೆ ಕೈಗೆ ಬರುವ ಕಾಲ್ ಶೀಟಿನಲ್ಲಿ, ಅಂದರೆ ಆ ದಿನದ ಕೆಲಸದ ಪಟ್ಟಿಯಲ್ಲಿ, ಪ್ರತಿ ಹೆಸರಿನ ಮುಂದೆ ಒಂದು ಸಣ್ಣ ಕಾಲಂ. ಹಾಡು ಅಂದರೆ ಹಾಡು, ನೃತ್ಯ ಅಂದರೆ ನೃತ್ಯ. ಎರಡಕ್ಕೂ ಸೇರದ್ದಕ್ಕೆಲ್ಲ ‘ವಿಶೇಷ’ ಎಂದು ಬರೆದಿರುತ್ತದೆ. ಸೆಟ್ಟಿನಲ್ಲಿ ಯಾರ ಬಾಯಲ್ಲೂ ಆ ಪದ ಬರುವುದಿಲ್ಲ, ಎಲ್ಲರಿಗೂ ಅದು ‘ಗಮ್ಮತ್ತಿನ ಐಟಂ’. ಹದಿನೆಂಟು ಐಟಂ ಇರುವ ಒಂದು ಆಡಿಷನ್ ದಿನ ಅಂದುಕೊಳ್ಳಿ, ಇಂಥವು ಮೂರಾದರೂ ಇರುತ್ತವೆ. ಗದ್ದದ ಮೇಲೆ ಏಣಿ ನಿಲ್ಲಿಸುವವರು ಒಬ್ಬರು, ಸೋಪಿನ ಗುಳ್ಳೆಯವರು ಇನ್ನೊಬ್ಬರು, ಮತ್ತೆ ಶ್ರುತಿಗೂ ತಾಳಕ್ಕೂ ಸಂಬಂಧವಿಲ್ಲದೆ, ಮೈತುಂಬ ಮಿಂಚುವ ಬಟ್ಟೆ ತೊಟ್ಟು ಹಾಡುವವರೊಬ್ಬರು. ಟಿ.ವಿ.ಯ ಪ್ರತಿಭಾ ಸ್ಪರ್ಧೆಯಲ್ಲಿ ಇಂಥವಕ್ಕೆಲ್ಲ ಜಾಗ ಯಾಕೆ ಎಂಬ ಜಗಳ ಏಳುವುದು ಪ್ರಸಾರವಾದ ಮೇಲೆ. ಮೂರನ್ನೂ ಒಂದೇ ಚೀಲಕ್ಕೆ ತುಂಬಿ ಜಗಳಾಡುತ್ತಾರೆ. ರೆಕಾರ್ಡಿಂಗ್ ದಿನ ವೇದಿಕೆಯ ಪಕ್ಕದಲ್ಲಿ ನಿಂತು ನೋಡಿದರೆ ಮೂರೂ ಬೇರೆ ಬೇರೆ ಜಾತಿಯವು ಎಂದು ಮಧ್ಯಾಹ್ನದೊಳಗೆ ಗೊತ್ತಾಗಿಬಿಡುತ್ತದೆ.

ಎಂಟು ಗಂಟೆಗೆ ಏಣಿಯವರ ಟೆಕ್ನಿಕಲ್ ರಿಹರ್ಸಲ್. ಎಂಟಡಿಯ ಅಲ್ಯೂಮಿನಿಯಂ ಏಣಿ. ನೋಡುವವರಿಗೆ ಏಣಿ ಉದ್ದವಿದ್ದಷ್ಟೂ ಕಷ್ಟ ಅನ್ನಿಸುತ್ತದೆ. ತೂಕದ ಮಾತು ಬಿಟ್ಟರೆ ವಿಷಯ ಉಲ್ಟಾ: ಉದ್ದನೆಯ ವಸ್ತು ನಿಧಾನಕ್ಕೆ ವಾಲುತ್ತದೆ, ಸರಿಪಡಿಸಿಕೊಳ್ಳಲು ಸಮಯ ಕೊಡುತ್ತದೆ. ಪೆನ್ಸಿಲನ್ನು ಬೆರಳ ತುದಿಯಲ್ಲಿ ನಿಲ್ಲಿಸಲು ನೋಡಿ, ಆಮೇಲೆ ಪೊರಕೆ ಹಿಡಿ ನಿಲ್ಲಿಸಿ, ಗೊತ್ತಾಗುತ್ತದೆ. ಗದ್ದ ಬರೀ ಆಧಾರ. ಕೆಲಸವೆಲ್ಲ ಕಣ್ಣಿನದು, ಪಾದದ್ದು. ಏಣಿಯ ಮೇಲಿನ ಮೆಟ್ಟಿಲಿಗೆ ಬಣ್ಣದ ಟೇಪ್ ಸುತ್ತಿರುತ್ತಾರೆ. ಕಣ್ಣು ಅದರಿಂದ ಕದಲಬಾರದು. ಅದು ಯಾವ ಕಡೆ ಜರುಗಿತೋ ಆ ಕಡೆಗೆ ಪಾದ ಹೋಗಬೇಕು.

ಎಡವಟ್ಟಾಗುವುದು ಇಲ್ಲೇ. ಹಿಂದಿನ ಡ್ಯಾನ್ಸ್ ಐಟಮ್ಮಿಗೆ ಹಾಕಿದ್ದ ಲೈಟ್ ಪ್ರೋಗ್ರಾಮನ್ನೇ ಇವರಿಗೂ ಬಿಡುತ್ತಾರೆ. ಕತ್ತೆತ್ತಿ ನೋಡುವ ಮನುಷ್ಯನ ಕಣ್ಣಿಗೆ ನೇರವಾಗಿ ಮೇಲಿನ ಮೂವಿಂಗ್ ಹೆಡ್, ಅಂದರೆ ಅತ್ತಿತ್ತ ತಿರುಗುವ ದೀಪದ ಬೆಳಕು, ಬಡಿಯುತ್ತದೆ. ಟೇಪ್ ಕಾಣುವುದಿಲ್ಲ, ಏಣಿ ಬೀಳುತ್ತದೆ. ಅದು ತಪ್ಪಿದರೆ ಹಿಂದಿನ ಎಲ್‌ಇಡಿ ಗೋಡೆ. ಅಲ್ಲಿ ನಕ್ಷತ್ರಗಳು ಎಡದಿಂದ ಬಲಕ್ಕೆ ಹರಿಯುತ್ತಿದ್ದರೆ ಕಣ್ಣಂಚಿಗೆ ಇಡೀ ಲೋಕವೇ ಜರುಗಿದಂತೆ ಆಗಿ ಮೈ ತನ್ನಷ್ಟಕ್ಕೆ ಪಕ್ಕಕ್ಕೆ ವಾಲುತ್ತದೆ. ಆದ್ದರಿಂದ ತಲೆಯ ಮೇಲಿನ ದೀಪಗಳು ಬಂದ್, ಎರಡೂ ಪಕ್ಕದಿಂದ ಸುಮಾರು 45 ಡಿಗ್ರಿಯಲ್ಲಿ ಬೆಳಕು, ಪಕಪಕನೆ ಮಿನುಗುವ ಸ್ಟ್ರೋಬ್ ದೀಪ ಬೇಡವೇ ಬೇಡ, ಗೋಡೆಯ ಮೇಲೆ ನಿಂತ ಚಿತ್ರ. ಏಸಿ ಗಾಳಿ ನೇರ ಬೀಳದ ಕಡೆ ನೆಲಕ್ಕೊಂದು ಗುರುತು. ಮನುಷ್ಯ ಐದೂವರೆ ಅಡಿ, ಏಣಿ ಎಂಟಡಿ: ಮುಂದಕ್ಕೆ ಬಿದ್ದರೆ ತುದಿ ಹದಿಮೂರು ಹದಿನಾಲ್ಕು ಅಡಿ ದೂರದವರೆಗೂ ತಲುಪೀತು. ಅಷ್ಟು ಜಾಗದಲ್ಲಿ ಆ್ಯಂಕರ್ ಕೂಡ ನಿಲ್ಲಬಾರದು. ಆ್ಯಂಕರುಗಳು ನಿಂತೇ ನಿಲ್ಲುತ್ತಾರೆ, ಅದು ಬೇರೆ ಮಾತು.

ಇಷ್ಟೆಲ್ಲ ಮಾಡಿ ತೊಂಬತ್ತು ಸೆಕೆಂಡು. ಇದನ್ನು ‘ಟೈಂ ಪಾಸ್ ಐಟಂ’ ಅನ್ನುವವರು ಒಮ್ಮೆ ಆ ಟೇಪ್ ತುಂಡನ್ನು ದಿಟ್ಟಿಸಿ ಹತ್ತು ಸೆಕೆಂಡು ನಿಲ್ಲಲಿ.

ಗುಳ್ಳೆಯವರ ಕಷ್ಟ ಇನ್ನೊಂದು ಥರದ್ದು. ದ್ರವ ಹಿಂದಿನ ರಾತ್ರಿಯೇ ತಯಾರು: ಲೀಟರ್ ನೀರಿಗೆ ಸುಮಾರು ನೂರು ಮಿಲಿ ಪಾತ್ರೆ ತೊಳೆಯುವ ದ್ರವ, ಎರಡು ಮೂರು ಚಮಚ ಗ್ಲಿಸರಿನ್. ನೊರೆ ಏಳದಂತೆ ನಿಧಾನ ಕಲಕಿ ಇಟ್ಟುಬಿಡಬೇಕು. ಮೇಲೆ ನೊರೆ ಉಳಿದಿದ್ದರೆ ದೊಡ್ಡ ಗುಳ್ಳೆ ಹುಟ್ಟುವಾಗಲೇ ಒಡೆಯುತ್ತದೆ. ಮನೆಯಲ್ಲಿ ಅರ್ಧ ನಿಮಿಷ ತೇಲುವ ಗುಳ್ಳೆ ಸೆಟ್ಟಿನಲ್ಲಿ ಐದು ಸೆಕೆಂಡಿಗೆ ಟಪ್ ಅನ್ನುತ್ತದೆ, ಯಾಕೆಂದರೆ ಏಸಿ ಗಾಳಿಯನ್ನು ಒಣಗಿಸಿರುತ್ತದೆ, ದೀಪದ ಶಾಖ ಬೇರೆ. ಗುಳ್ಳೆಯ ಪೊರೆಯಲ್ಲಿನ ನೀರು ಆರಿದರೆ ಮುಗಿಯಿತು. ಅನುಭವ ಇದ್ದವರು ರಿಹರ್ಸಲ್ ಮನೆಯಲ್ಲಿ ಅಲ್ಲ, ಸೆಟ್ಟಿನಲ್ಲೇ ಬೇಕೆಂದು ಹಠ ಹಿಡಿಯುತ್ತಾರೆ, ಹತ್ತು ನಿಮಿಷ ಮುಂಚೆ ಏಸಿ ನಿಲ್ಲಿಸಿ ಎಂದು ಕೇಳುತ್ತಾರೆ, ಅಲ್ಲಿನ ಗಾಳಿ ನೋಡಿ ಗ್ಲಿಸರಿನ್ ಹೆಚ್ಚು ಕಡಿಮೆ ಮಾಡುತ್ತಾರೆ. ಹೊಸಬರು ಕೇಳುವುದಿಲ್ಲ. ಸಂಕೋಚ.

ಐಟಂ ಮುಗಿದ ಮೇಲೆ ನಿಜವಾದ ತಲೆನೋವು. ಒಡೆದ ಪ್ರತಿ ಗುಳ್ಳೆಯೂ ನೆಲದ ಮೇಲೆ ಸೋಪಿನ ತೆಳು ಪದರ ಬಿಟ್ಟುಹೋಗುತ್ತದೆ. ಹೊಳೆಯುವ ಕಪ್ಪು ನೆಲದಲ್ಲಿ ಅದು ಕಾಣುವುದಿಲ್ಲ. ಮುಂದಿನ ಡ್ಯಾನ್ಸರ್ ಓಡಿ ಬಂದು ಮಂಡಿಯೂರಿ ಜಾರುವ ಸ್ಟೆಪ್ ಇದ್ದರೆ ಜಡ್ಜುಗಳ ಮೇಜಿನವರೆಗೂ ಜಾರುತ್ತಾನೆ. ಬರೀ ನೀರಲ್ಲಿ ಒರೆಸಿದರೆ ಇನ್ನೂ ನೊರೆ. ಮೊದಲು ಒಣ ಬಟ್ಟೆ, ಆಮೇಲೆ ಹಿಂಡಿದ ಒದ್ದೆ ಬಟ್ಟೆ ಎರಡು ಸಲ, ಮತ್ತೆ ಒಣ ಬಟ್ಟೆ. ಇಪ್ಪತ್ತು ನಿಮಿಷ ಬೇಕು. ಹಾಗಾಗಿ ಗುಳ್ಳೆ, ಮೊಟ್ಟೆ, ಹಿಟ್ಟು, ಬಣ್ಣದ ಪುಡಿ ಇರುವ ಐಟಂಗಳನ್ನು ಯಾವತ್ತೂ ಊಟದ ಬ್ರೇಕಿಗೆ ಮುಂಚೆ ಇಡುವುದು. ಪ್ರಸಾರದಲ್ಲಿ ಅದು ಎಲ್ಲಿ ಬಂದರೂ ಸರಿ, ರೆಕಾರ್ಡಿಂಗ್ ಕ್ರಮ ನಿರ್ಧರಿಸುವುದು ಒರೆಸುವ ಬಟ್ಟೆ.

ಇನ್ನು ಮೂರನೆಯದು.

ನೋಡುಗರಲ್ಲಿ ಬಹಳ ಜನರಿಗೆ ಗೊತ್ತಿರದ ಸಂಗತಿ ಒಂದಿದೆ: ಟಿ.ವಿ.ಯಲ್ಲಿ ಕಾಣುವ ‘ಮೊದಲ ಆಡಿಷನ್’ ಮೊದಲನೆಯದಲ್ಲ. ಜಡ್ಜುಗಳ ಮುಂದೆ ಬರುವ ಮೊದಲು ನಿರ್ಮಾಣ ತಂಡ ಒಂದೆರಡು ಸುತ್ತು ಸೋಸಿರುತ್ತದೆ. ಚೆನ್ನಾಗಿ ಹಾಡುವವರು ಆ ಜರಡಿಯಲ್ಲಿ ಉಳಿಯುತ್ತಾರೆ, ತೀರಾ ಕೆಟ್ಟದಾಗಿ ಹಾಡುವವರೂ ಉಳಿಯುತ್ತಾರೆ. ಜರಡಿಯಿಂದ ಉದುರುವುದು ನಡುವಿನವರು, ಸುಮಾರಾಗಿ ಹಾಡುವವರು. ಅಂದರೆ ಮಿಂಚುವ ಬಟ್ಟೆಯವರು ದಾರಿ ತಪ್ಪಿ ವೇದಿಕೆಗೆ ಬಂದವರಲ್ಲ. ಯಾರೋ ಒಬ್ಬರು ಎರಡು ಸಲ ಕೇಳಿ, ‘ಇವರು ಇರಲಿ’ ಎಂದು ಬರೆದಿದ್ದಾರೆ. ಮುಂದಿನ ಸುತ್ತಿಗೆ ಆಯ್ಕೆಯಾದಿರಿ ಎಂದು ಅವರಿಗೆ ಫೋನ್ ಹೋಗಿದೆ. ಮನೆಯಲ್ಲಿ ಸಿಹಿ ಹಂಚಿರುತ್ತಾರೆ. ಬೆಳಿಗ್ಗೆ ಅವರ ಎವಿ, ಅಂದರೆ ಪರಿಚಯದ ವಿಡಿಯೋ ತುಣುಕಿನ ಚಿತ್ರೀಕರಣವೂ ಆಯಿತು. ‘ನಾನು ಗೆದ್ದೇ ಗೆಲ್ಲುತ್ತೇನೆ ಅನ್ನಿ ಸಾರ್, ಸ್ವಲ್ಪ ಜೋರಾಗಿ’ ಎಂದು ಹೇಳಿಸಿ ಮೂರು ಟೇಕ್ ತೆಗೆದುಕೊಂಡರು. ಆ ಮೂರನೆಯ ಟೇಕೇ ಪ್ರಸಾರಕ್ಕೆ ಹೋಗುವುದು, ಅದರ ಬೆನ್ನಿಗೇ ಮೊದಲ ಅಪಸ್ವರ.

ಪ್ರೇಕ್ಷಕರ ಮುಖಗಳು ಅಷ್ಟೊತ್ತಿಗಾಗಲೇ ತಯಾರು. ಹತ್ತು ಗಂಟೆಗೆ ಜನರನ್ನು ಕೂರಿಸಿದ ಕೂಡಲೇ ಅವರನ್ನು ಹುರಿದುಂಬಿಸುವ ವಾರ್ಮಪ್ ಕಲಾವಿದ ಬರುತ್ತಾನೆ. ವೇದಿಕೆ ಖಾಲಿ. ಅವನು ಹೇಳಿದಂತೆ ಎಲ್ಲರೂ ನಗುತ್ತಾರೆ, ಬಾಯಿ ಮೇಲೆ ಕೈ ಇಡುತ್ತಾರೆ, ಎದ್ದು ನಿಂತು ಚಪ್ಪಾಳೆ ತಟ್ಟುತ್ತಾರೆ, ‘ಅಯ್ಯೋ’ ಎಂದು ಮುಖ ಹಿಂಡುತ್ತಾರೆ. ಮೂರು ಕ್ಯಾಮೆರಾ ಅದನ್ನೆಲ್ಲ ಕೂಡಿಡುತ್ತವೆ. ಎಡಿಟಿಂಗ್ ಮೇಜಿನಲ್ಲಿ ಈ ಮುಖಗಳನ್ನು ಎಲ್ಲಿ ಬೇಕಾದರೂ ಅಂಟಿಸಬಹುದು. ಸೂಕ್ಷ್ಮವಾಗಿ ನೋಡಿದರೆ ಸಿಕ್ಕಿಬೀಳುತ್ತದೆ: ಒಂದೇ ಹಳದಿ ಬಟ್ಟೆಯ ಹೆಂಗಸು ಏಣಿಯವರಿಗೂ ಹಾಡುವವರಿಗೂ ಒಂದೇ ಕೋನದಲ್ಲಿ ತಲೆ ಓರೆ ಮಾಡಿರುತ್ತಾರೆ, ಮುಖದ ಮೇಲಿನ ಬೆಳಕಿನ ಬಣ್ಣ ಮಾತ್ರ ವೇದಿಕೆಯದಕ್ಕೆ ಹೊಂದುವುದಿಲ್ಲ.

ಇದೆಲ್ಲ ಇವತ್ತಿನ ಚಟ ಅಂತ ಅಂದುಕೊಳ್ಳಬೇಡಿ. ಬ್ರಿಟನ್ನಿನ ಆಪರ್ಚುನಿಟಿ ನಾಕ್ಸ್ ಕಾರ್ಯಕ್ರಮದಲ್ಲಿ 1960ರ ದಶಕದಲ್ಲೇ ಟೋನಿ ಹಾಲೆಂಡ್ ಎಂಬವರು ಸಂಗೀತದ ತಾಳಕ್ಕೆ ಮೈಯ ಮಾಂಸಖಂಡಗಳನ್ನು ಕುಣಿಸಿ ಮತ್ತೆ ಮತ್ತೆ ಗೆದ್ದರು. ಅಲ್ಲೊಂದು ಚಪ್ಪಾಳೆ ಅಳೆಯುವ ಮುಳ್ಳಿನ ಯಂತ್ರವಿತ್ತು, ಕ್ಲಾಪೊಮೀಟರ್ ಅಂತ. ಅದು ಬರೀ ಆಟಕ್ಕೆ. ಫಲಿತಾಂಶ ನಿಂತಿದ್ದು ಜನ ಅಂಚೆಯಲ್ಲಿ ಕಳಿಸುತ್ತಿದ್ದ ಮತಗಳ ಮೇಲೆ. 1976ರಲ್ಲಿ ಅಮೆರಿಕದಲ್ಲಿ ಚಕ್ ಬ್ಯಾರಿಸ್ ಶುರುಮಾಡಿದ ದಿ ಗಾಂಗ್ ಶೋ ಅಂತೂ ಇಂಥ ಐಟಂಗಳಿಂದಲೇ ಬದುಕಿತು. ಜಡ್ಜಿಗೆ ಸಾಕೆನಿಸಿದರೆ ಎದ್ದು ಜಾಗಟೆ ಬಾರಿಸುವುದು, ಐಟಂ ಅಲ್ಲಿಗೇ ಬಂದ್. ಗೆದ್ದವರಿಗೆ ಆರಂಭದಲ್ಲಿ ಸಿಗುತ್ತಿದ್ದ ಮೊತ್ತ 516 ಡಾಲರ್ 32 ಸೆಂಟ್. ಆ 32 ಸೆಂಟೇ ಎಲ್ಲ ಹೇಳಿಬಿಡುತ್ತಿತ್ತು, ಇದು ತಮಾಷೆ ಕಣ್ರಪ್ಪಾ ಎಂದು. ತಲೆಗೆ ಕಾಗದದ ಚೀಲ ಹಾಕಿಕೊಂಡು ಜೋಕು ಹೇಳುವ ಕಲಾವಿದರೊಬ್ಬರು ಅಲ್ಲಿ ಜನಪ್ರಿಯರಾಗಿದ್ದರು. ಚೀಲದೊಳಗಿನ ಮನುಷ್ಯನಿಗೆ ನಗು ಎಲ್ಲಿಂದ ಬರುತ್ತಿದೆ, ಯಾರ ಮೇಲೆ ಬರುತ್ತಿದೆ ಎಂದು ಪೂರ್ತಿ ಗೊತ್ತಿತ್ತು.

ನನ್ನ ಲೆಕ್ಕದಲ್ಲಿ ವ್ಯತ್ಯಾಸ ಬೀಳುವುದು ಅಲ್ಲೇ. 2004ರಲ್ಲಿ ಪ್ರಸಾರವಾದ ಅಮೆರಿಕನ್ ಐಡಲ್ ಹಾಡಿನ ಸ್ಪರ್ಧೆಯ ಆಡಿಷನ್ನಿಗೆ ಬಂದಿದ್ದ ವಿಲಿಯಂ ಹಂಗ್ ಸಿವಿಲ್ ಎಂಜಿನಿಯರಿಂಗ್ ಓದುತ್ತಿದ್ದ ಹುಡುಗ. ಸಂಗೀತದ ತರಬೇತಿ ಇಲ್ಲವೆಂದು ಜಡ್ಜುಗಳ ಎದುರಲ್ಲೇ ಹೇಳಿದ. ಹಾಡಿದ, ಕುಣಿದ, ತಿರಸ್ಕೃತನಾದ, ಆ ತುಣುಕಿನಿಂದಲೇ ಹೆಸರಾದ, ಅದೇ ವರ್ಷ ಆಲ್ಬಮ್ ಬಂತು. ಅವನಿಗೆ ಒಳ್ಳೆಯದೇ ಆಯಿತಲ್ಲ ಎಂದು ವಾದಿಸುವವರಿದ್ದಾರೆ. ಅವನು ಆ ಸಂದರ್ಭವನ್ನು ದಿಟ್ಟವಾಗಿ ನಿಭಾಯಿಸಿದ, ನಿಜ. ಅದು ಅವನ ಗುಣ. ಕೋಣೆಯೊಳಗೆ ಅವನನ್ನು ಬಿಟ್ಟವರ ಖಾತೆಗೆ ಅದನ್ನು ಬರೆಯಲಾಗದು.

ಇನ್ನೊಂದು ಬಗೆಯ ಮೋಸ ಕಲಾವಿದರಿಗಲ್ಲ, ಮತ ಹಾಕುವವರಿಗೆ ಆಗುವಂಥದ್ದು. 2015ರ ಬ್ರಿಟನ್ಸ್ ಗಾಟ್ ಟ್ಯಾಲೆಂಟ್ ಗೆದ್ದದ್ದು ಜೂಲ್ಸ್ ಓಡ್ವೈಯರ್ ಮತ್ತು ಅವರ ನಾಯಿ ಮತೀಸ್. ಬಹುಮಾನ ಎರಡೂವರೆ ಲಕ್ಷ ಪೌಂಡ್. ಫೈನಲ್ಲಿನ ಆಟಕ್ಕೊಂದು ಕಥೆಯಿತ್ತು, ಅದರಲ್ಲಿ ನಾಯಿ ಎತ್ತರದ ಹಗ್ಗದ ಮೇಲೆ ನಡೆಯುವುದೇ ಮೈ ನವಿರೇಳಿಸಿದ ಭಾಗ. ಹಗ್ಗದ ಮೇಲೆ ನಡೆದದ್ದು ಮತೀಸ್ ಅಲ್ಲ, ನೋಡಲು ಅದರಂತೆಯೇ ಇದ್ದ ಚೇಸ್ ಎಂಬ ಇನ್ನೊಂದು ನಾಯಿ ಎಂಬುದು ಆಮೇಲೆ ಹೊರಬಿತ್ತು. ಸಾವಿರಕ್ಕೂ ಹೆಚ್ಚು ದೂರು ಬಂದವು. ಪ್ರಸಾರ ನಿಯಂತ್ರಣ ಸಂಸ್ಥೆ ಆಫ್‌ಕಾಮ್, ಮತ ಹಾಕಿದವರನ್ನು ದಾರಿ ತಪ್ಪಿಸಲಾಗಿದೆ, ನಿಯಮ ಉಲ್ಲಂಘನೆಯಾಗಿದೆ ಎಂದಿತು. ಹಣ ತೆತ್ತು ಮತ ಹಾಕಿದವರಿಗೆ ವಾಪಸು ಕೊಡಲು ಐಟಿವಿ ವಾಹಿನಿ ಮುಂದಾಯಿತು.

ಇಲ್ಲಿ ಗಮನಿಸಬೇಕಾದ್ದು, ಎರಡು ನಾಯಿ ಬಳಸಿದ್ದು ತಪ್ಪೇನಲ್ಲ. ಎತ್ತರಕ್ಕೆ ಹೆದರುವ ನಾಯಿಯನ್ನು ಹಗ್ಗಕ್ಕೆ ಹತ್ತಿಸದೆ ಇದ್ದದ್ದು ಒಳ್ಳೆಯ ತರಬೇತುದಾರರ ಲಕ್ಷಣ. ಸರ್ಕಸ್ಸಿನಲ್ಲಿ ಹೀಗೆ ಮಾಡಿದರೆ ಕೇಳುವವರೇ ಇಲ್ಲ. ಆದರೆ ಇದು ಸ್ಪರ್ಧೆ, ಮತಕ್ಕೆ ದುಡ್ಡು. ‘ಮತೀಸ್ ಮತ್ತು ಚೇಸ್’ ಎಂದು ಪರದೆಯ ಮೇಲೆ ಒಂದು ಸಾಲು ಹಾಕಿದ್ದರೆ ಇಡೀ ರಗಳೆ ಇರುತ್ತಿರಲಿಲ್ಲ. ಅಮೆರಿಕದಲ್ಲಿ 1950ರ ದಶಕದ ಕ್ವಿಜ್ ಹಗರಣದಲ್ಲಿ ಸ್ಪರ್ಧಿಗಳಿಗೆ ಉತ್ತರ ಮೊದಲೇ ಹೇಳಿಕೊಟ್ಟದ್ದು ಬಯಲಾಗಿ, 1960ರಲ್ಲಿ ಸ್ಪರ್ಧೆಯ ಫಲಿತಾಂಶವನ್ನು ಒಳಗೊಳಗೇ ಹೊಂದಿಸುವುದನ್ನು ಕಾನೂನೇ ಅಪರಾಧ ಮಾಡಿತು. ನಾಟಕಕ್ಕೂ ಸ್ಪರ್ಧೆಗೂ ನಡುವೆ ಗೆರೆ ಎಳೆಯುವ ಪ್ರಯತ್ನ ಅಷ್ಟು ಹಳೆಯದು.

ಹಾಗಾಗಿ ಏಣಿಯೂ ಇರಲಿ, ಗುಳ್ಳೆಯೂ ಇರಲಿ. ಬೇಕೆಂದೇ ಕೆಟ್ಟದಾಗಿ ಹಾಡಿ ನಗಿಸುವ ಪಕ್ಕಾ ಹಾಸ್ಯಗಾರರಿದ್ದರೆ ಅವರೂ ಬರಲಿ, ಅದು ಬಲು ಕಷ್ಟದ ವಿದ್ಯೆ. ಶ್ರುತಿ ಎಲ್ಲಿದೆ ಎಂದು ಗೊತ್ತಿದ್ದವರಿಗೆ ಮಾತ್ರ ಅದರ ಪಕ್ಕದಲ್ಲಿ ಕರಾರುವಾಕ್ಕಾಗಿ ಬೀಳಲು ಸಾಧ್ಯ. ಕಂಡುಹಿಡಿಯುವುದು ಸುಲಭ: ಅದೇ ಹಾಡು ಇನ್ನೊಮ್ಮೆ ಹಾಡಿ ಎಂದು ಕೇಳುವುದು. ಹಾಸ್ಯಗಾರ ಎರಡನೆಯ ಸಲವೂ ಅದೇ ಜಾಗದಲ್ಲಿ, ಅಷ್ಟೇ ತಪ್ಪಾಗಿ ಬೀಳುತ್ತಾನೆ. ಅರಿಯದವರು ಪ್ರತಿ ಸಲ ಬೇರೆ ಕಡೆ ಬೀಳುತ್ತಾರೆ. ಈ ಪರೀಕ್ಷೆಗೆ ನಾಲ್ಕು ನಿಮಿಷ ಸಾಕು, ಅದೂ ಕ್ಯಾಮೆರಾ ಇಲ್ಲದ ಮೊದಲ ಸುತ್ತಿನಲ್ಲೇ. ಮಾಡುವುದಿಲ್ಲ ಅಷ್ಟೆ, ಏಕೆಂದರೆ ಉತ್ತರ ಗೊತ್ತಾಗಿಬಿಟ್ಟರೆ ಆಮೇಲೆ ಅವರನ್ನು ವೇದಿಕೆಗೆ ಕಳಿಸುವ ಕೈ ನಡುಗುತ್ತದೆ.

ಭಾಗವಹಿಸುವವರು ಸಹಿ ಹಾಕುವ ಕಾಗದವನ್ನೂ ಬೆಳಿಗ್ಗೆ ಏಳಕ್ಕೆ, ಸಾಲಿನಲ್ಲಿ ನಿಂತಾಗ, ಸೆಟ್ಟಿನ ಓಡಾಟದ ಕೆಲಸದ ರನ್ನರ್ ಹುಡುಗನ ಪ್ಯಾಡಿನ ಮೇಲೆ ಇಟ್ಟು ಕೊಡುವುದು ನಿಲ್ಲಬೇಕು. ಚಿತ್ರೀಕರಿಸಿದ್ದನ್ನು ಹೇಗೆ ಬೇಕಾದರೂ ಕತ್ತರಿಸಿ, ನಗೆಪಾಟಲಾಗುವಂತೆ ಕೂಡ, ತೋರಿಸಬಹುದು ಎಂಬ ಅರ್ಥದ ಸಾಲು ಅದರ ಒಳಪುಟದಲ್ಲಿ ಎಲ್ಲೋ ಇರುತ್ತದೆ. ಮೂರು ದಿನ ಮೊದಲೇ ಮನೆಗೆ ಕಳಿಸಿ, ಆ ಸಾಲನ್ನು ಮೊದಲ ಪುಟದಲ್ಲಿ ಹಾಕಿದರೆ ಎಷ್ಟು ಜನ ಬರುತ್ತಾರೋ ನೋಡೋಣ.

ಸಂಜೆ ಏಳೂಕಾಲಿಗೆ ಮಿಂಚುವ ಬಟ್ಟೆಯವರ ಸರದಿ. ನಲವತ್ತು ಸೆಕೆಂಡಿಗೆ ನಾಲ್ಕೂ ಜಡ್ಜುಗಳಿಂದ ‘ಸಾಕು’ ಎನ್ನುವ ಬಜರ್. ವೇದಿಕೆಯ ಹಿಂಬದಿಗೆ ಬಂದವರು ಬೆವರಿದ್ದಾರೆ, ಮುಖದಲ್ಲಿ ನಗು ಇನ್ನೂ ಹಾಗೇ ಇದೆ, ಇಳಿಸಲು ಮರೆತವರಂತೆ. ಸೌಂಡ್ ಹುಡುಗ ಕಾಲರ್ ಮೈಕಿನ ವೈರನ್ನು ಅಂಗಿಯೊಳಗಿಂದ ಎಳೆದು, ಬೆನ್ನಿಗಿದ್ದ ಟ್ರಾನ್ಸ್‌ಮಿಟರ್ ಬಿಚ್ಚುತ್ತಿದ್ದಾನೆ.

‘ಹೆಂಗ್ ಬಂತಪ್ಪಾ?’

ಹುಡುಗ ಬ್ಯಾಟರಿ ತೆಗೆದು ಡಬ್ಬಕ್ಕೆ ಹಾಕುತ್ತಾನೆ. ‘ಆಡಿಯೋ ಕ್ಲಿಯರಾಗಿ ಬಂದಿದೆ ಸಾರ್.’